ಕಡಲ ದಂಡೆಯಲ್ಲಿ ಕಪ್ಪಿನ ಭಯ

ನವೆಂಬರ್ ಮುಗಿಯುತ್ತ ಬಂದಂತೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬಯಲುಸೀಮೆಯ ಮಕ್ಕಳಿಗೆ ಪ್ರವಾಸವೆಂದರೆ ಮೊದಲು ನೆನಪಾಗುವುದು ಕಡಲು. ಗೋಕರ್ಣ, ಮುರ್ಡೇಶ್ವರ, ಕಾರವಾರ; ದುಡ್ಡು, ದಿನ ಎರಡೂ ಕೂಡಿಬಂದರೆ ಉಡುಪಿ, ಮಲ್ಪೆ. ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು, ಅರಬೈಲು ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಅಂಕೋಲೆಯ ಹತ್ತಿರ ಉಪ್ಪುಗಾಳಿ ಮುಖಕ್ಕೆ ಬಡಿಯುವ ಆ ಗಳಿಗೆಗಾಗಿ ಮಕ್ಕಳು ತಿಂಗಳುಗಟ್ಟಲೆ ಕಾದಿರುತ್ತಾರೆ. ಆದರೆ ಹೊರಡುವ ಮುಂಚೆಯೇ ಹೆಣ್ಣುಮಕ್ಕಳ ಕಿವಿಗೆ ಒಂದು ಎಚ್ಚರಿಕೆ ಬಿದ್ದಿರುತ್ತದೆ. ಅವ್ವ ಹೇಳುತ್ತಾಳೆ, ಅಜ್ಜಿ ಹೇಳುತ್ತಾಳೆ, ಓಣಿಯ ಹೆಂಗಸರು ಹೇಳುತ್ತಾರೆ, ಒಮ್ಮೊಮ್ಮೆ ಜೊತೆಗೆ ಹೊರಟ ಟೀಚರೇ ಹೇಳುತ್ತಾರೆ: "ಸಮುದ್ರದ ಬಿಸಲಾಗ ಭಾಳ ಅಡ್ಡಾಡಬ್ಯಾಡ್ರಿ, ಕರ್ರಗಾಗ್ತೀರಿ."

ಇದನ್ನು ಯಾರೂ ಕೆಟ್ಟ ಮಾತು ಎಂದುಕೊಳ್ಳುವುದಿಲ್ಲ. ಕಾಳಜಿ ಎಂದೇ ತಿಳಿಯುತ್ತಾರೆ. ಹುಡುಗಿ ಚೆಂದ ಕಾಣಲಿ ಎಂದು ಬಯಸುವುದರಲ್ಲಿ ತಪ್ಪೇನು, ನಾಳೆ ಅವಳ ಮದುವೆಯಾಗಬೇಡವೇ, ಹತ್ತು ರೂಪಾಯಿಯ ಕ್ರೀಮು ಹಚ್ಚಿಕೊಂಡರೆ ಯಾರ ಗಂಟೇನು ಹೋಯಿತು: ಜಾತಿ, ಧರ್ಮ, ಪಕ್ಷಗಳ ಗೆರೆ ದಾಟಿ ಈ ನಾಡಿನಲ್ಲಿ ಒಪ್ಪಿಗೆ ಪಡೆದ ಮಾತುಗಳಿವು. ಈ ಒಪ್ಪಿಗೆಯೇ ತಪ್ಪು. ಕಪ್ಪಾಗುತ್ತೀ ಎಂದು ಹೆದರಿಸುವುದು ಮಗುವಿನ ಆರೋಗ್ಯಕ್ಕೆ ಕೇಡು, ಕಲಿಕೆಗೆ ಕೇಡು. ಎಲ್ಲಕ್ಕಿಂತ ಮಿಗಿಲಾಗಿ, ಬಿಸಿಲಿನಲ್ಲಿ ದುಡಿದು ಆ ಮಗುವನ್ನು ಸಾಕಿದವರಿಗೆ ಮಾಡುವ ಅವಮಾನ.

ಆ ಎಚ್ಚರಿಕೆ ದಂಡೆಯ ಮೇಲೆ ಏನು ಮಾಡುತ್ತದೆ ಎಂಬುದು ಪ್ರವಾಸದ ದಿನಗಳಲ್ಲಿ ಮುರ್ಡೇಶ್ವರದಲ್ಲಿ ಸ್ವಲ್ಪ ಹೊತ್ತು ನಿಂತರೆ ಕಾಣುತ್ತದೆ. ಬಸ್ಸು ನಿಂತ ಕೂಡಲೇ ಹುಡುಗರು ಪ್ಯಾಂಟು ಮಡಚಿಕೊಂಡು ನೀರಿನತ್ತ ಓಡುತ್ತಾರೆ. ಹುಡುಗಿಯರಲ್ಲಿ ಕೆಲವರು ಓಡುತ್ತಾರೆ. ಕೆಲವರು ವೇಲನ್ನು ತಲೆಯಿಂದ ಗಲ್ಲದವರೆಗೆ ಬಿಗಿದು ಕಣ್ಣಷ್ಟೇ ಕಾಣುವಂತೆ ನಿಲ್ಲುತ್ತಾರೆ. ಕೆಲವರು ಅಂಗಡಿ ಸಾಲಿನ ನೆರಳು ಬಿಟ್ಟು ಬರುವುದೇ ಇಲ್ಲ. ಚೂಡಿದಾರದ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡ ಕೈಗಳು, ಕೈಚೀಲದಲ್ಲಿ ಅಂಗೈಯಗಲದ ಕನ್ನಡಿ, ಪೌಡರ್ ಡಬ್ಬಿ, ಹಲ್ಲಿನಿಂದ ಕಚ್ಚಿ ಹರಿದ ಕ್ರೀಮಿನ ಸ್ಯಾಶೆ. ಬೆವರೂ ಉಪ್ಪುಗಾಳಿಯೂ ಸೇರಿ ಕತ್ತಿನ ಮಡಿಕೆಯಲ್ಲಿ ಪೌಡರ್ ಬೆಳ್ಳನೆಯ ಗೆರೆಗಟ್ಟಿರುತ್ತದೆ. ಗ್ರೂಪ್ ಫೋಟೋಕ್ಕೆ ಕರೆದಾಗ ಬಣ್ಣ ಕಡಿಮೆ ಎನಿಸಿಕೊಂಡವರು ತಾವಾಗಿಯೇ ಹಿಂದಿನ ಸಾಲಿಗೆ ಸರಿಯುತ್ತಾರೆ. ಯಾರೂ ಸರಿಯಿರಿ ಎಂದು ಹೇಳಬೇಕಾಗಿಲ್ಲ. ಹದಿಮೂರು, ಹದಿನಾಲ್ಕರ ವಯಸ್ಸಿಗೆ ಆ ಪಾಠ ಪೂರ್ತಿ ಆಗಿರುತ್ತದೆ. ಹುಟ್ಟಿದಾಗಿನಿಂದ ಕಡಲು ಕಾಣದ ಹುಡುಗಿ ಕಡಲ ಮುಂದೆ ನಿಂತೂ ತನ್ನ ಮೊಣಕೈಯನ್ನು ನೋಡಿಕೊಳ್ಳುತ್ತಾಳೆ. ಆ ಒಂದು ಹೊತ್ತನ್ನು ಅವಳಿಂದ ಕಸಿದುಕೊಂಡವರು ದೊಡ್ಡವರು.

ಕಪ್ಪಾಗುವುದೆಂದರೆ ನಿಜವಾಗಿ ಆಗುವುದೇನು? ಇದನ್ನು ಶಾಲೆಯ ವಿಜ್ಞಾನದ ತರಗತಿಯಲ್ಲೇ ಹೇಳಬಹುದಿತ್ತು. ಚರ್ಮದ ಹೊರಪದರದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಬಿಸಿಲಿನ ಅತಿನೇರಳೆ ಕಿರಣ ತಾಗಿ ಡಿಎನ್‌ಎಗೆ ಪೆಟ್ಟು ಬೀಳತೊಡಗಿದಾಗ ಇವು ಮೆಲನಿನ್ ತಯಾರಿಸಿ, ಸಣ್ಣ ಕಣಗಳಾಗಿ ನೆರೆಯ ಜೀವಕೋಶಗಳಿಗೆ ಹಂಚುತ್ತವೆ. ಆ ಕಣಗಳು ಜೀವಕೋಶದೊಳಗೆ ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ. ಡಿಎನ್‌ಎ ಇರುವ ಕೇಂದ್ರದ ನೆತ್ತಿಯ ಮೇಲೆ, ಬಿಸಿಲು ಬೀಳುವ ಕಡೆಗೆ, ಕೊಡೆ ಹಿಡಿದಂತೆ ಕೂಡಿಕೊಳ್ಳುತ್ತವೆ. ಕಪ್ಪು ಚರ್ಮದವರಲ್ಲಿ, ಬಿಳಿ ಚರ್ಮದವರಲ್ಲಿ ಮೆಲನೊಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅವು ತಯಾರಿಸುವ ಕಣಗಳ ಗಾತ್ರ, ಪ್ರಮಾಣ ಮತ್ತು ಹಂಚಿಕೆ. ಅಂದರೆ ದಂಡೆಯಲ್ಲಿ ಆಡಿ ಬಂದ ಹುಡುಗಿಯ ಮೈ ಕಪ್ಪಾದರೆ ಅವಳ ಚರ್ಮ ತನ್ನ ಕೆಲಸವನ್ನು ನೆಟ್ಟಗೆ ಮಾಡಿದೆ ಎಂದರ್ಥ. ಹೊರಪದರ ಸವೆದು ಹೊಸತಾಗುತ್ತಲೇ ಇರುವುದರಿಂದ ಆ ಹೆಚ್ಚುವರಿ ಬಣ್ಣ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಹುಟ್ಟಿನಿಂದ ಬಂದ ಬಣ್ಣದ ಮಾತು ಬೇರೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಎಸ್‌ಎಲ್‌ಸಿ24ಎ5 ಎಂಬ ಜೀನಿನ ಒಂದೇ ಒಂದು ವ್ಯತ್ಯಾಸ ದಕ್ಷಿಣ ಏಷ್ಯಾದ ಜನರ ಮೈಬಣ್ಣದ ವೈವಿಧ್ಯದಲ್ಲಿ ಗಣನೀಯ ಪಾಲು ಪಡೆದಿದೆ ಎಂದು ತೋರಿಸಿತು. ಒಂದೇ ಮನೆಯಲ್ಲಿ ಅಕ್ಕ ಗೋಧಿ ಬಣ್ಣ, ತಂಗಿ ಎಣ್ಣೆಗಪ್ಪು ಆಗುವುದು ಇಂಥ ವ್ಯತ್ಯಾಸಗಳಿಂದ. ಕಡಲೆಹಿಟ್ಟು, ಕೆನೆ, ಅರಿಸಿನ, ಕೇಸರಿ ಹಾಕಿದ ಹಾಲು, ದುಬಾರಿ ಸೀರಮ್ಮು, ಯಾವುದಕ್ಕೂ ಆ ಜೀನನ್ನು ಮುಟ್ಟುವ ಶಕ್ತಿ ಇಲ್ಲ. ಬಸುರಿಗೆ ಕೇಸರಿ ಕುಡಿಸಿದರೆ ಮಗು ಕೆಂಪಗೆ ಹುಟ್ಟುತ್ತದೆ ಎಂದು ಈಗಲೂ ನಂಬಿಸುತ್ತಾರೆ. ಅಲ್ಲಿಗೆ ಈ ರೋಗ ಮಗುವಿನ ಹುಟ್ಟಿಗಿಂತ ಮೊದಲೇ ಮನೆ ಹೊಕ್ಕಿರುತ್ತದೆ.

ಬಿಸಿಲಿನಿಂದ ಕಾಪಾಡಿಕೊಳ್ಳುವುದು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಟೋಪಿ ಬೇಕು, ನೀರು ಬೇಕು, ಮಧ್ಯಾಹ್ನದ ಹೊತ್ತು ನೆರಳು ಬೇಕು, ಚರ್ಮ ಸುಡುವವರಿಗೆ ಸನ್‌ಸ್ಕ್ರೀನೂ ಬೇಕು. ಇವೆಲ್ಲ ಹುಡುಗರಿಗೂ ಬೇಕು. ಹುಡುಗರಿಗೆ ಹೇಳದೆ ಹುಡುಗಿಯರಿಗಷ್ಟೇ ಹೇಳುವ ಮಾತು ಆರೋಗ್ಯದ ಮಾತಲ್ಲ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ, ಇಷ್ಟು ಬಿಸಿಲಿರುವ ಈ ದೇಶದ ಹದಿಹರೆಯದವರಲ್ಲಿ ಶೇ 24ರಷ್ಟು ಮಂದಿಗೆ ವಿಟಮಿನ್ ಡಿ ಕೊರತೆ ಕಂಡುಬಂತು. ಇದಕ್ಕೆ ಊಟ, ಒಳಾಂಗಣದ ಬದುಕು, ಉಡುಪು ಮುಂತಾದ ಹಲವು ಕಾರಣಗಳಿವೆ. ಆದರೆ ಚರ್ಮಕ್ಕೆ ಬಿಸಿಲು ತಾಗಿದಾಗಲೇ ಮೈ ಆ ವಿಟಮಿನ್ ತಯಾರಿಸುತ್ತದೆ ಎಂಬುದು, ಕಪ್ಪು ಚರ್ಮಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತಿನ ಬಿಸಿಲು ಬೇಕು ಎಂಬುದು ಗೊತ್ತಿರುವ ಸಂಗತಿ. ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಹುಡುಗಿಯನ್ನು ಆಟದ ಬಯಲಿನಿಂದ ಒಳಗೆ ಕರೆದು ಕೂರಿಸುವುದನ್ನು ಕಾಳಜಿ ಎಂದು ಕರೆಯುವುದು ಹೇಗೆ?

ಇನ್ನು "ಕ್ರೀಮು ಹಚ್ಚಿಕೊಂಡರೆ ಏನಾಗುತ್ತದೆ" ಎಂಬ ಮಾತು. ಏನಾಗುತ್ತದೆ ಎಂಬುದಕ್ಕೆ ಉತ್ತರ ಇದೇ ಪಶ್ಚಿಮ ಕರಾವಳಿಯಲ್ಲಿ, ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿದೆ. ಅಲ್ಲಿನ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ 22 ಮಂದಿಯನ್ನು ಪರೀಕ್ಷಿಸಿದರು. ಮೂತ್ರಪಿಂಡದ ಸೋಸುವ ಪೊರೆ ಹಾಳಾಗಿ, ಮೈಯ ಪ್ರೋಟೀನು ಮೂತ್ರದಲ್ಲಿ ಹರಿದುಹೋಗುವ ಕಾಯಿಲೆ ಇದು. ಕಾಲು ಬಾತುಕೊಳ್ಳುತ್ತದೆ, ಮೂತ್ರ ನೊರೆಗಟ್ಟುತ್ತದೆ, ಸುಸ್ತು ಬಿಡುವುದಿಲ್ಲ. 22 ಮಂದಿಯಲ್ಲಿ 15 ಮಂದಿಗಿದ್ದದ್ದು ಸಾಮಾನ್ಯವಾಗಿ ಅಪರೂಪವಾದ ಒಂದು ಬಗೆ. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಲೆಂದು ಕ್ರೀಮು ಹಚ್ಚುತ್ತಿದ್ದರು. ಮೊದಲು ಬಂದವರಲ್ಲಿ 14 ವರ್ಷದ ಹುಡುಗಿಯೊಬ್ಬಳಿದ್ದಳು. ಪರೀಕ್ಷೆಗೆ ಕೊಟ್ಟ ಕ್ರೀಮುಗಳಲ್ಲಿ ಪಾದರಸ ಮಿತಿಮೀರಿ ಇತ್ತು. ವೈದ್ಯರು ತಮ್ಮ ವರದಿಯನ್ನು 'ಕಿಡ್ನಿ ಇಂಟರ್‌ನ್ಯಾಷನಲ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚಿನವರು ಕ್ರೀಮು ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ಮೇಲೆ ದಾಳಿ ನಡೆಸಿ ಪರವಾನಗಿ ಇಲ್ಲದ ಸರಕನ್ನು ಹಿಡಿಯಿತು.

ಪಾದರಸ ಮುಖ ಬೆಳ್ಳಗೆ ಮಾಡುವುದು ನಿಜ. ಆ ಕಾರಣಕ್ಕೇ ಅದನ್ನು ಬೆರೆಸುತ್ತಾರೆ. ಮೆಲನಿನ್ ತಯಾರಿಸುವ ಟೈರೊಸಿನೇಸ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಹಚ್ಚಿದವರಿಗೆ ಒಂದೆರಡು ವಾರದಲ್ಲಿ ಫಲ ಕಾಣುತ್ತದೆ, ಅಕ್ಕಪಕ್ಕದವರು ಯಾವ ಕ್ರೀಮು ಎಂದು ಕೇಳುತ್ತಾರೆ, ಮಾರಾಟ ಹೆಚ್ಚುತ್ತದೆ. ಅಷ್ಟರಲ್ಲಿ ಚರ್ಮದ ಮೂಲಕ ಒಳಹೊಕ್ಕ ಪಾದರಸ ಮೂತ್ರಪಿಂಡದಲ್ಲಿ ಶೇಖರವಾಗುತ್ತಿರುತ್ತದೆ. ಸೌಂದರ್ಯವರ್ಧಕಗಳಲ್ಲಿ ಪಾದರಸ ಬೇಡವೆಂದು ಜಗತ್ತಿನ ದೇಶಗಳು ಮಿನಮಾಟಾ ಒಪ್ಪಂದದಲ್ಲಿ ಮಾತು ಕೊಟ್ಟಿವೆ, ಭಾರತ 2018ರಲ್ಲಿ ಅದನ್ನು ಅನುಮೋದಿಸಿದೆ. ಕಾಗದದ ಮೇಲೆ ಎಲ್ಲವೂ ಇದೆ. ಹಳ್ಳಿಯ ಫ್ಯಾನ್ಸಿ ಸ್ಟೋರಿನಲ್ಲಿ ತಯಾರಕರ ವಿಳಾಸವೇ ಇಲ್ಲದ ಡಬ್ಬಿಯೂ ಇದೆ.

ಪಾದರಸದಷ್ಟೇ ಕೆಟ್ಟದ್ದು, ಅದಕ್ಕಿಂತ ಹೆಚ್ಚು ಹರಡಿರುವುದು ಸ್ಟೀರಾಯ್ಡ್. ಎಕ್ಸಿಮಾ, ಸೋರಿಯಾಸಿಸ್‌ಗೆ ವೈದ್ಯರು ಕೆಲವೇ ದಿನಗಳ ಮಟ್ಟಿಗೆ ಬರೆದುಕೊಡುವ ಬೆಟಾಮೆಥಸೋನ್, ಕ್ಲೋಬೆಟಸೋಲ್ ಮುಲಾಮುಗಳನ್ನು ನಮ್ಮ ಊರುಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಖಕ್ಕೆ ಬಳಿದುಕೊಳ್ಳುತ್ತಾರೆ. ಮೆಡಿಕಲ್ ಶಾಪಿನ ಹುಡುಗ "ಇದು ಹಚ್ರಿ, ಬೆಳ್ಳಗಾಗ್ತೀರಿ" ಎಂದು ಕೊಟ್ಟದ್ದೇ ಚೀಟಿ. ಮೊದಲು ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಗುಂಪಾಗಿ ಏಳುತ್ತದೆ, ಗಲ್ಲದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖವೆಲ್ಲ ಉರಿ, ಹಾಗಾಗಿ ಮತ್ತೆ ಹಚ್ಚಲೇಬೇಕು. ಚರ್ಮವೈದ್ಯರು ಇದಕ್ಕೆ ಪ್ರತ್ಯೇಕ ಕಾಯಿಲೆಯ ಹೆಸರನ್ನೇ ಕೊಟ್ಟಿದ್ದಾರೆ, ಅವರ ರಾಷ್ಟ್ರೀಯ ಸಂಘ ಇದರ ವಿರುದ್ಧ ಕಾರ್ಯಪಡೆ ಕಟ್ಟಿದೆ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿದ್ದು ಆ ವೈದ್ಯರು ಪಟ್ಟು ಹಿಡಿದದ್ದರಿಂದ. ಹತ್ತನೇ ತರಗತಿಯ ಹುಡುಗಿ ಇಂಥ ಮುಖ ಹೊತ್ತು ಚರ್ಮರೋಗ ವಿಭಾಗದ ಸಾಲಿನಲ್ಲಿ ನಿಂತಾಗ, ಕ್ರೀಮಿನಿಂದ ಏನಾಗುತ್ತದೆ ಎಂದು ಕೇಳಿದವರು ಜೊತೆಗೆ ಹೋಗಿ ನಿಲ್ಲಲಿ.

ಈ ಭಯ ಎಲ್ಲಿಂದ ಬಂತು? ಬ್ರಿಟಿಷರು ತಂದದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ವಸಾಹತು ಆಡಳಿತ ಬಿಳಿ ಬಣ್ಣಕ್ಕೆ ಅಧಿಕಾರದ ಹೊಳಪು ಕೊಟ್ಟದ್ದು ಸುಳ್ಳಲ್ಲ. ಆದರೆ ಈ ನೆಲದ ಬೇರು ಇನ್ನೊಂದಿದೆ. ಬಿಸಿಲಿಗೆ ಬೀಳುವವರು ಯಾರು, ನೆರಳಲ್ಲಿ ಕೂರುವವರು ಯಾರು ಎಂಬುದನ್ನು ಇಲ್ಲಿ ಜಾತಿಯೂ ಜಮೀನೂ ತೀರ್ಮಾನಿಸಿದ್ದವು. ಗದ್ದೆಯಲ್ಲಿ ನಾಟಿ ಮಾಡುವವರು, ಕಲ್ಲು ಒಡೆಯುವವರು, ಮೀನು ಒಣಗಿಸುವವರು, ಉಪ್ಪಿನಾಗರದಲ್ಲಿ ಉಪ್ಪು ಬಾಚುವವರು ಕಪ್ಪಾದರು. ಲೆಕ್ಕ ಬರೆದವರು, ಅಟ್ಟದ ಮೇಲೆ ಕುಳಿತವರು ತಿಳಿಯಾಗಿ ಉಳಿದರು. ಬಣ್ಣದ ಮೇಲಿನ ತಿರಸ್ಕಾರದೊಳಗೆ ದುಡಿಮೆಯ ಮೇಲಿನ ತಿರಸ್ಕಾರ ಅಡಗಿದೆ. ಹಾಗಾಗಿಯೇ ಅದು ಇಷ್ಟು ಗಟ್ಟಿ.

ಈಗ ಕಲಬುರಗಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ತರಗತಿಯನ್ನು ನೆನೆಯಬೇಕು. ಅಲ್ಲಿ ಕುಳಿತ ಬಹುಪಾಲು ಮಕ್ಕಳ ಅವ್ವಂದಿರು ಡಿಸೆಂಬರಿನಲ್ಲಿ ತೊಗರಿ ಹೊಲದಲ್ಲಿರುತ್ತಾರೆ, ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತುತ್ತಿರುತ್ತಾರೆ. ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 43, 44 ಡಿಗ್ರಿ ಮುಟ್ಟುತ್ತದೆ. ಆ ತಾಯಂದಿರ ಕೈ, ಕತ್ತು, ಕೆನ್ನೆ ಆ ಬಿಸಿಲಿನ ಬಣ್ಣದ್ದು. ಪ್ರವಾಸದ ದುಡ್ಡು ಆ ಕೂಲಿಯಿಂದ ಬಂದದ್ದು. ಅಂಥ ತಾಯಿಯ ಮಗಳಿಗೆ "ಕಪ್ಪಾಗಬೇಡ" ಎಂದರೆ ನಿನ್ನ ಅವ್ವನ ಹಾಗೆ ಕಾಣಬೇಡ ಎಂದು ಹೇಳಿದಂತಾಯಿತು. ಹೇಳುವವಳು ಎಷ್ಟೋ ಸಲ ಆ ತಾಯಿಯೇ ಆಗಿರುತ್ತಾಳೆ ಎನ್ನುವುದು ಈ ವಿಷಯದ ಅತ್ಯಂತ ನೋವಿನ ಭಾಗ. ತನ್ನ ಮೈಯೇ ಮಗಳಿಗೆ ಮಾದರಿಯಾಗಬಾರದು ಎಂದು ನಂಬಿಸಲ್ಪಟ್ಟ ಹೆಂಗಸಿನ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ತಪ್ಪು ಅವಳನ್ನು ಹಾಗೆ ನಂಬಿಸಿದವರದು.

ನಂಬಿಸಿದವರ ಪಟ್ಟಿಯಲ್ಲಿ ಶಾಲೆಯೂ ಇದೆ. 2020ರಲ್ಲಿ ಪಶ್ಚಿಮ ಬಂಗಾಳದ ಬರ್ಧಮಾನ್ ಕಡೆಯ ಶಾಲೆಯೊಂದರ ಪುಟಾಣಿಗಳ ಇಂಗ್ಲಿಷ್ ಪುಸ್ತಕದಲ್ಲಿ 'ಯು' ಅಕ್ಷರಕ್ಕೆ 'ಅಗ್ಲಿ' ಎಂದು ಬರೆದು ಪಕ್ಕದಲ್ಲಿ ಕಪ್ಪು ಹುಡುಗನ ಚಿತ್ರ ಹಾಕಲಾಗಿತ್ತು. ಇಬ್ಬರು ಶಿಕ್ಷಕಿಯರ ಅಮಾನತಾಯಿತು. 2017ರಲ್ಲಿ ಮಹಾರಾಷ್ಟ್ರದ ಹನ್ನೆರಡನೇ ತರಗತಿಯ ಸಮಾಜಶಾಸ್ತ್ರ ಪಠ್ಯ, ಹುಡುಗಿ ಕುರೂಪಿಯೋ ಅಂಗವಿಕಲೆಯೋ ಆಗಿದ್ದರೆ ಮದುವೆ ಕಷ್ಟವಾಗಿ ವರದಕ್ಷಿಣೆ ಹೆಚ್ಚು ಕೊಡಬೇಕಾಗುತ್ತದೆ ಎಂದು ವರದಕ್ಷಿಣೆಯ ಕಾರಣಗಳಲ್ಲೊಂದಾಗಿ ಮುದ್ರಿಸಿತ್ತು. ಇವು ಸುದ್ದಿಯಾದವು. ಸುದ್ದಿಯಾಗದೆ ನಡೆಯುವುದು ನಮ್ಮ ಊರುಗಳ ಶಾಲಾ ವಾರ್ಷಿಕೋತ್ಸವಗಳಲ್ಲಿ. ಅತಿಥಿಗಳಿಗೆ ಆರತಿ ತಟ್ಟೆ ಹಿಡಿಯಲು ಯಾರು, ಹೂಗುಚ್ಛ ಕೊಡಲು ಯಾರು, ನೃತ್ಯದ ಮುಂದಿನ ಸಾಲಿಗೆ ಯಾರು ಎಂಬ ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ಆ ಶಾಲೆಯ ಪ್ರತಿ ಹುಡುಗಿಗೂ ಗೊತ್ತು. ಕರಿಯ, ಕಾಗಿ, ಇದ್ದಲಿ ಎಂಬ ಅಡ್ಡಹೆಸರುಗಳನ್ನು ತರಗತಿಯಲ್ಲಿ ಕೂಗುವಾಗ ಮೇಷ್ಟ್ರು ನಕ್ಕುಬಿಟ್ಟರೆ ಸಾಕು, ಅದಕ್ಕೆ ಸರ್ಕಾರಿ ಮುದ್ರೆ ಬಿದ್ದಂತೆ.

ಈ ಗಾಯ ಎಷ್ಟು ಕಾಲ ಉಳಿಯುತ್ತದೆ? ಕೇರಳದ ಆಗಿನ ಮುಖ್ಯ ಕಾರ್ಯದರ್ಶಿ ಶಾರದಾ ಮುರಳೀಧರನ್ 2025ರ ಮಾರ್ಚ್‌ನಲ್ಲಿ ತಮ್ಮ ಬಣ್ಣದ ಬಗ್ಗೆ ಬಂದ ಟೀಕೆಯೊಂದಕ್ಕೆ ಉತ್ತರವಾಗಿ ಬರೆದದ್ದನ್ನು ಓದಬೇಕು. ನಾಲ್ಕು ವರ್ಷದವರಿದ್ದಾಗ ಅವರು ತಾಯಿಯನ್ನು, ತನ್ನನ್ನು ಮತ್ತೆ ಹೊಟ್ಟೆಯೊಳಗೆ ಹಾಕಿಕೊಂಡು ಬೆಳ್ಳಗೆ, ಚೆಂದಾಗಿ ಹೊರತರಲಾಗುತ್ತದೆಯೇ ಎಂದು ಕೇಳಿದ್ದರಂತೆ. ರಾಜ್ಯವೊಂದರ ಆಡಳಿತದ ತುತ್ತತುದಿಗೇರಿದ ಹೆಂಗಸು, ನಿವೃತ್ತಿಯ ಹೊಸ್ತಿಲಲ್ಲಿ ನಿಂತು, ಆ ನಾಲ್ಕು ವರ್ಷದ ಮಗುವಿನ ಮಾತನ್ನು ನೆನೆಯಬೇಕಾಯಿತು. ಇನ್ನು ಯಾವ ಅಧಿಕಾರವೂ ಇಲ್ಲದ, ಹಿಂದಿನ ಸಾಲಿಗೆ ಸರಿದ ಹುಡುಗಿಯ ಗತಿ?

ಸಂತೆಯಲ್ಲಿ ಈ ಭಯವನ್ನು ಕಾಸಾಗಿಸಿದ ಕತೆ ಐವತ್ತು ವರ್ಷದ್ದು. ಹಿಂದುಸ್ತಾನ್ ಲಿವರ್ ಕಂಪನಿ 1975ರಲ್ಲಿ 'ಫೇರ್ ಅಂಡ್ ಲವ್ಲಿ'ಯನ್ನು ಮಾರುಕಟ್ಟೆಗೆ ಬಿಟ್ಟಿತು. ಗಂಡುಮಗನಿಲ್ಲವೆಂದು ಕೊರಗುವ ಅಪ್ಪ, ಕ್ರೀಮು ಹಚ್ಚಿಕೊಂಡು ಬೆಳ್ಳಗಾಗಿ ಗಗನಸಖಿಯಾದ ಮಗಳು: ಹೀಗೊಂದು ಟಿವಿ ಜಾಹೀರಾತು ಬಂದಾಗ ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟು ಹೋರಾಡಿತು, 2003ರಲ್ಲಿ ಅದು ನಿಂತಿತು. 2005ರಲ್ಲಿ ಇಮಾಮಿ ಕಂಪನಿ ಗಂಡಸರಿಗೆಂದೇ 'ಫೇರ್ ಅಂಡ್ ಹ್ಯಾಂಡ್ಸಮ್' ತಂದಿತು, ಹುಡುಗರೂ ಬಲೆಗೆ ಬಿದ್ದರು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಕಪ್ಪಗಿರುವವರನ್ನು ದುಃಖಿಗಳಂತೆ, ಕೈಲಾಗದವರಂತೆ ತೋರಿಸಬಾರದೆಂಬ ಮಾರ್ಗಸೂಚಿ ತಂದಿತು. ಚೆನ್ನೈಯಲ್ಲಿ 2009ರಲ್ಲಿ ಶುರುವಾದ 'ಡಾರ್ಕ್ ಈಸ್ ಬ್ಯೂಟಿಫುಲ್' ಅಭಿಯಾನದಂಥ ಪ್ರಯತ್ನಗಳು ಇದರ ಹಿಂದೆ ದುಡಿದಿದ್ದವು. ಕೊನೆಗೆ 2020ರಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಎದ್ದ ಅಲೆ ಇಲ್ಲಿಗೂ ತಾಗಿ, ಕ್ರೀಮಿನ ಹೆಸರು 'ಗ್ಲೋ ಅಂಡ್ ಲವ್ಲಿ' ಆಯಿತು. ಜಾನ್ಸನ್ ಅಂಡ್ ಜಾನ್ಸನ್ ತನ್ನ ಎರಡು ಬಗೆಯ ಕ್ರೀಮುಗಳ ಮಾರಾಟವನ್ನೇ ನಿಲ್ಲಿಸಿತು. ಶಾದಿ ಡಾಟ್ ಕಾಂ ವಧುವರರನ್ನು ಮೈಬಣ್ಣದ ಮೇಲೆ ಸೋಸುವ ಸೌಲಭ್ಯ ತೆಗೆದುಹಾಕಿತು.

ಹಾಗಿದ್ದರೆ ಸಮಸ್ಯೆ ಬಗೆಹರಿಯಿತಲ್ಲ ಎನ್ನುವವರು ಈಗಿನ ಡಬ್ಬಿಗಳನ್ನು ಕೈಗೆತ್ತಿಕೊಂಡು ನೋಡಲಿ. 'ಫೇರ್' ಹೋಗಿ 'ಗ್ಲೋ', 'ಬ್ರೈಟ್', 'ಡೀಟ್ಯಾನ್' ಬಂದಿವೆ. ಡೀಟ್ಯಾನ್ ಎಂಬುದು ಇನ್ನೂ ಅಪಾಯಕಾರಿ. ನೀನು ಹುಟ್ಟಿನಿಂದ ಕಪ್ಪಲ್ಲ, ಬಿಸಿಲು ನಿನಗೆ ಹೀಗೆ ಮಾಡಿದೆ, ತಿಕ್ಕಿದರೆ ಹೋಗುತ್ತದೆ ಎಂದು ಅದು ಪುಸಲಾಯಿಸುತ್ತದೆ. ಬಿಸಿಲು ಕೊಳೆಯಾಗಿಬಿಟ್ಟಿತು. ತೆರೆಯ ಮೇಲೂ ಇದೇ ಕತೆ. ಬೆಳ್ಳಗಿನ ನಟಿಯರಿಗಾಗಿ ಕನ್ನಡ ಚಿತ್ರರಂಗ ಮುಂಬೈಗೆ ಹೋಗುವುದು ಹೊಸತೇನಲ್ಲ. ಕಪ್ಪು ಹುಡುಗಿಯ ಕತೆ ಹೇಳುವಾಗಲೂ ಕಪ್ಪು ನಟಿ ಸಿಗುವುದಿಲ್ಲ: 2019ರ ಹಿಂದಿ ಚಿತ್ರ 'ಬಾಲಾ'ದಲ್ಲಿ ಭೂಮಿ ಪೆಡ್ನೇಕರ್ ಮುಖಕ್ಕೆ ಕಪ್ಪು ಬಳಿದರು.

ಬಣ್ಣದ ಬೆನ್ನಿಗೇ ಉಳಿದವೂ ಬರುತ್ತವೆ: ತೂಕ, ಹಲ್ಲು, ಮೀಸೆಗೂದಲು. 2024ರಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೇ ಮೊದಲು ಬಂದ ಹುಡುಗಿಯ ಅಂಕ ಬಿಟ್ಟು ಅವಳ ಮೇಲ್ದುಟಿಯ ಕೂದಲನ್ನು ಸಾವಿರಾರು ಜನ ಆಡಿಕೊಂಡರು. ಇನ್‌ಸ್ಟಾಗ್ರಾಂ ಪ್ರತಿ ಮೂವರು ಹದಿಹರೆಯದ ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ಮೈಯ ಬಗೆಗಿನ ಕೀಳರಿಮೆಯನ್ನು ಹೆಚ್ಚಿಸುತ್ತಿದೆ ಎಂದು ಅದರ ಒಡೆಯ ಕಂಪನಿಯ ಒಳ ಅಧ್ಯಯನವೇ ಹೇಳಿದ್ದು 2021ರಲ್ಲಿ ಬಯಲಾಯಿತು.

"ಲೋಕ ಹಾಗಿದೆ, ಏನು ಮಾಡುವುದು" ಎಂಬ ವಾದ ಎಲ್ಲಕ್ಕಿಂತ ಗಟ್ಟಿ. ಮದುವೆಯ ಮಾತುಕತೆಯಲ್ಲಿ "ಹುಡುಗಿ ಸ್ವಲ್ಪ ಬಣ್ಣ ಕಡಿಮೆ" ಎಂದೊಡನೆ ಸಂಬಂಧ ತಪ್ಪುವುದು, ಇಲ್ಲವೇ ಬಂಗಾರದ ತೊಲ ಏರುವುದು ನಿಜ. ಹೆತ್ತವರ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಆ ಲೋಕ ಎಂದರೆ ಯಾರು? ಹುಡುಗಿ ನೋಡಲು ಬಂದು ಕೂತವರು ಈ ಶಾಲೆಗಳಲ್ಲೇ ಓದಿದವರು, ಇಂಥದೇ ಬಸ್ಸುಗಳಲ್ಲಿ ಕಡಲಿಗೆ ಹೋಗಿ ಬಂದವರು. ಹೆಣ್ಣುಮಕ್ಕಳಿಗೆ ಕಪ್ಪಾಗಬೇಡಿ ಎಂದು ಹೇಳಿದ ದಿನ, ಪಕ್ಕದಲ್ಲಿ ನಿಂತ ಗಂಡುಹುಡುಗನಿಗೆ ಕಪ್ಪು ಹುಡುಗಿ ಬೇಡ ಎಂದು ಕಲಿಸಿದಂತಾಗುತ್ತದೆ. ಹತ್ತು ವರ್ಷದ ಮೇಲೆ ಅವನು ಬೆಳ್ಳಗಿನ ಹುಡುಗಿಯೇ ಬೇಕೆಂದು ಕೂತಾಗ ಲೋಕ ಹಾಗಿದೆ ಎಂದು ನಿಟ್ಟುಸಿರಿಡುವ ಹಕ್ಕು ಹಾಗೆ ಹೇಳಿದವರಿಗಿಲ್ಲ.

ಆ ಬಸ್ಸು ಹಾದುಹೋಗುವ ದಾರಿಯಲ್ಲೇ ಬೇರೆ ಪಾಠಗಳಿದ್ದವು. ಯಲ್ಲಾಪುರದ ಆಸುಪಾಸಿನಲ್ಲಿ ಸಿದ್ದಿಗಳ ಹಳ್ಳಿಗಳಿವೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಕರೆತರಲಾದವರ ವಂಶದವರು, ಕನ್ನಡ ಮಾತಾಡುವವರು, 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ಅಂಕೋಲೆಯ ಕಡೆ ಹಾಲಕ್ಕಿ ಒಕ್ಕಲಿಗರಿದ್ದಾರೆ. ಕತ್ತು ತುಂಬ ಕರಿಮಣಿ, ರವಿಕೆ ಇಲ್ಲದೆ ಗಂಟುಹಾಕಿ ಉಟ್ಟ ಸೀರೆ. ಸಸಿಗಳನ್ನು ಮಕ್ಕಳಂತೆ ಬೆಳೆಸಿದ ತುಳಸಿ ಗೌಡ, ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮ ಗೌಡ ಅದೇ ಉಡುಪಿನಲ್ಲಿ ಪದ್ಮಶ್ರೀ ಪಡೆದರು. ಬಿಸಿಲು ಅವರ ಮೈಯ ಮೇಲೆ ಬರೆದದ್ದನ್ನು ಅವರು ಎಂದೂ ಮುಚ್ಚಿಕೊಳ್ಳಲಿಲ್ಲ. ಅಂಕೋಲೆಯ ಮೀನುಪೇಟೆಯಲ್ಲಿ ಬಂಗುಡೆ, ತಾರ್ಲೆಯ ಬುಟ್ಟಿ ಮುಂದಿಟ್ಟುಕೊಂಡು ದರ ಕೂಗುವ ಹೆಂಗಸಿನ ಮುಂದೆ ಮಕ್ಕಳನ್ನು ಕಾಲು ಗಂಟೆ ನಿಲ್ಲಿಸಿದರೆ ಅರ್ಥಶಾಸ್ತ್ರವೂ ಕಲಿಯುತ್ತಾರೆ, ಕಡಲೂ ಅರ್ಥವಾಗುತ್ತದೆ. ಇದರರ್ಥ ಕರಾವಳಿ ಈ ರೋಗದಿಂದ ಮುಕ್ತ ಎಂದಲ್ಲ. ಸಿದ್ದಿ ಮಕ್ಕಳು ಶಾಲೆಗಳಲ್ಲಿ ಬಣ್ಣ, ಕೂದಲುಗಳ ಹೆಸರಿನಲ್ಲಿ ಉಂಡ ಅವಮಾನ ಕಡಿಮೆಯದಲ್ಲ. ಕೋಟ್ಟಕ್ಕಲ್‌ನ ರೋಗಿಗಳೂ ಕರಾವಳಿ ಜಿಲ್ಲೆಯವರೇ. ಆದರೂ ಕಂಡರಿಯದ ನಾಡಿಗೆ ಮಕ್ಕಳನ್ನು ಕರೆದೊಯ್ಯುವುದು ಬೇರೆ ಬಗೆಯ ಬದುಕು, ಬೇರೆ ಬಗೆಯ ಮೈ, ಬೇರೆ ಬಗೆಯ ಚೆಲುವು ಇದೆ ಎಂದು ಕಣ್ಣಾರೆ ಕಾಣಲಿ ಎಂದಲ್ಲವೇ?

ಕೊನೆಗೆ ಭಯದ ಮಾತು. ದಂಡೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಬೇರೆಯೇ ಇದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಆ ದುರಂತಕ್ಕೂ ಮೈಬಣ್ಣದ ಮಾತಿಗೂ ಸಂಬಂಧವಿಲ್ಲ. ಆದರೆ ಬಯಲುಸೀಮೆಯ ಮಕ್ಕಳಿಗೆ ಕಡಲಿನ ಬಗ್ಗೆ ಹೊರಡುವ ಮೊದಲು ಹೇಳಬೇಕಾದ್ದೇನು ಎಂಬುದನ್ನು ಆ ನಾಲ್ಕು ಸಾವುಗಳು ತಿಳಿಸಿ ಹೋಗಿವೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ನೀರಿನ ಪಟ್ಟಿಯೇ ಎಷ್ಟೋ ಸಲ ಸೆಳೆತದ ಜಾಗ, ಅಲ್ಲಿಗೆ ಇಳಿಯಬಾರದು. ಸೆಳೆತಕ್ಕೆ ಸಿಕ್ಕರೆ ನೇರವಾಗಿ ದಡಕ್ಕೆ ಬರಲು ಹೆಣಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು, ತೇಲುತ್ತ ಕೈ ಎತ್ತಬೇಕು. ಕೆಂಪು ಬಾವುಟ ಇರುವಲ್ಲಿ ಪಾದವೂ ಇಡಬಾರದು. ಒಬ್ಬರು ಮುಳುಗುತ್ತಿದ್ದರೆ ಈಜು ಬಾರದವರು ಹಿಂದೆ ಹಾರಬಾರದು, ಜೀವರಕ್ಷಕರನ್ನು ಕೂಗಬೇಕು.

ಪ್ರವಾಸಕ್ಕೆ ಮುನ್ನ ಶಾಲೆಯಲ್ಲಿ ನಡೆಯುವ ಪೋಷಕರ ಸಭೆಯಲ್ಲಿ ಹೇಳಬೇಕಾದ ಮಾತುಗಳಿವು. ಹುಡುಗ ಹುಡುಗಿಯರೆನ್ನದೆ ಪ್ರತಿ ಮಗುವಿಗೂ ಟೋಪಿ, ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣ, ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಬಟ್ಟೆ ಇರಲೇಬೇಕೆಂದು ಮುಖ್ಯ ಶಿಕ್ಷಕರು ಬರೆದುಕೊಡಲಿ. ದಂಡೆಯ ಮೇಲೆ ಬಟ್ಟೆ ಬದಲಿಸಲು ಹುಡುಗಿಯರಿಗೆ ಜಾಗ ಎಲ್ಲಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಲಿ. ಗ್ರೂಪ್ ಫೋಟೋಕ್ಕೆ ಎತ್ತರದ ಪ್ರಕಾರ ನಿಲ್ಲಿಸಲಿ. ಸಭೆಯಲ್ಲಿ ಯಾರಾದರೂ "ನಮ್ಮ ಹುಡುಗಿ ಕರ್ರಗಾಗ್ತಾಳ್ರೀ ಸರ" ಎಂದರೆ, ನಕ್ಕು ಸುಮ್ಮನಾಗದೆ, ಅಲ್ಲೇ ಎಲ್ಲರೆದುರು ಉತ್ತರ ಕೊಡಲಿ: ಆಗಲಿ ಬಿಡ್ರಿ, ಆಡಾಕ ಬಿಡ್ರಿ.